ಕೈಸರನ ನಾಣ್ಯ, ಸಮುವೇಲನ ಪಟ್ಟಿ

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡ ಹಾಗೆ ಎಂಬ ಗಾದೆ ನಮ್ಮಲ್ಲಿದೆ. ಯೇಸುವಿನ ಕಾಲದ ಯೆಹೂದ್ಯರಿಗೆ ಈ ಗಾದೆ ಹೇಳಿದ್ದರೆ ಅರ್ಥ ವಿವರಿಸುವ ಅಗತ್ಯವೇ ಬೀಳುತ್ತಿರಲಿಲ್ಲ. ಕನ್ನಡ ಬೈಬಲಿನಲ್ಲೂ ಇದೇ ಪದ: ಸುಂಕದವರು. ಸುವಾರ್ತೆಗಳಲ್ಲಿ ಅವರ ಹೆಸರು ಬರುವಾಗಲೆಲ್ಲ ಪಕ್ಕದಲ್ಲೇ ಪಾಪಿಗಳ ಹೆಸರೂ ಬರುತ್ತದೆ, ಇಬ್ಬರೂ ಒಂದೇ ಓಣಿಯವರೆಂಬಂತೆ. ಸುಂಕದ ಕಟ್ಟೆಯನ್ನು ಗುತ್ತಿಗೆಗೆ ಹಿಡಿದು, ಮೇಲಿನವರಿಗೆ ಕೊಡಬೇಕಾದ್ದನ್ನು ಕೊಟ್ಟು, ಉಳಿದದ್ದನ್ನು ಜನರಿಂದ ಹಿಂಡಿಕೊಳ್ಳುವ ವ್ಯವಸ್ಥೆ ಅದು. ಆದರೂ ಮತ್ತಾಯನನ್ನು ಯೇಸು ಕರೆದದ್ದು ಅವನು ಸುಂಕದ ಕಟ್ಟೆಯಲ್ಲಿ ಕೂತಿದ್ದಾಗಲೇ. ಜೆರಿಕೊ ಊರಿನ ಮುಖ್ಯ ಸುಂಕದವ ಜಕ್ಕಾಯನ ಮನೆಗೆ ತಾನಾಗಿಯೇ ಊಟಕ್ಕೆ ಹೋದ. ಅದಕ್ಕೂ ಮೊದಲು ಸ್ನಾನಿಕ ಯೋಹಾನನ ಹತ್ತಿರ ಸುಂಕದವರು ಬಂದು, ನಾವೇನು ಮಾಡಬೇಕು ಎಂದು ಕೇಳಿದಾಗ, ಅವನು ಕೆಲಸ ಬಿಡಿ ಎನ್ನಲಿಲ್ಲ. ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎಂದ, ಅಷ್ಟೆ.

ಕಳೆದ ತಿಂಗಳ ಅಂಕಣದಲ್ಲಿ ಆದಾಯ ತೆರಿಗೆಯ ರಿಟರ್ನ್ಸ್ ಬಗ್ಗೆ ಬರೆದಿದ್ದೆ. ಅದನ್ನು ಓದಿದ ಪುಣೆಯ ಓದುಗರೊಬ್ಬರು, ಕೈಸರನ ಪಾಲನ್ನು ಕೈಸರನಿಗೆ ಸಲ್ಲಿಸಬೇಕೆಂದು ಬೈಬಲೇ ಹೇಳಿಬಿಟ್ಟಿದೆ, ಇನ್ನು ಚರ್ಚೆ ಯಾಕೆ ಎಂದು ಕೇಳಿದ್ದಾರೆ. ನಾನು ಕ್ರೈಸ್ತನಲ್ಲ. ಮುಂಬಯಿಗೆ ಬಂದ ಹೊಸದರಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರು ಕೊಟ್ಟ ಕನ್ನಡ ಬೈಬಲನ್ನು ಲೋಕಲ್ ರೈಲಿನಲ್ಲಿ ಕಥೆಗಳ ಪುಸ್ತಕದಂತೆ ಓದಿದವನು. ಹಾಗೆ ಓದಿದವನಿಗೆ ಒಂದು ಅನುಕೂಲವಿದೆ: ಯಾವ ವಾಕ್ಯ ಪ್ರಸಿದ್ಧ, ಯಾವುದು ಅಲ್ಲ ಎಂಬುದು ಗೊತ್ತಿರುವುದಿಲ್ಲ. ಓದಿದ ಮೇಲೆ ನನಗನಿಸಿದ್ದು, ತೆರಿಗೆ ಮತ್ತು ಅರಸೊತ್ತಿಗೆಯ ವಿಷಯದಲ್ಲಿ ಬೈಬಲಿನೊಳಗೆ ಒಂದು ದನಿ ಇಲ್ಲ. ನಾಲ್ಕೈದು ದನಿಗಳಿವೆ, ಕೆಲವು ಒಂದಕ್ಕೊಂದು ಮುಖ ಕೊಟ್ಟು ಮಾತಾಡುವುದೂ ಇಲ್ಲ.

ಸಮುವೇಲನಿಂದ ಶುರು ಮಾಡೋಣ. ಇಸ್ರಾಯೇಲಿನಲ್ಲಿ ಆಗ ರಾಜನಿರಲಿಲ್ಲ, ನ್ಯಾಯಸ್ಥಾಪಕರಿದ್ದರು. ಸಮುವೇಲನಿಗೆ ವಯಸ್ಸಾಗಿತ್ತು, ಅವನ ಇಬ್ಬರು ಮಕ್ಕಳು ಲಂಚಕೋರರಾಗಿದ್ದರು. ಊರ ಹಿರಿಯರೆಲ್ಲ ರಾಮಾ ಎಂಬ ಊರಿಗೆ ಬಂದು, ಉಳಿದ ಜನಾಂಗಗಳಿಗೆ ಇರುವ ಹಾಗೆ ನಮಗೂ ಒಬ್ಬ ರಾಜ ಬೇಕು ಎಂದರು. ಬೇಡಿಕೆ ಅನ್ಯಾಯದ್ದಲ್ಲ ಎಂಬುದನ್ನು ಗಮನಿಸಿ. ಲಂಚದ ಆಡಳಿತಕ್ಕೆ ಬೇಸತ್ತ ಜನ ಗಟ್ಟಿ ಆಳ್ವಿಕೆ ಕೇಳುವುದು ಅಂದಿನ ಕಥೆ ಮಾತ್ರವಲ್ಲ. ಸಮುವೇಲ ಅವರಿಗೆ ಒಂದು ಪಟ್ಟಿ ಓದಿ ಹೇಳುತ್ತಾನೆ. ರಾಜ ನಿಮ್ಮ ಗಂಡುಮಕ್ಕಳನ್ನು ತೆಗೆದುಕೊಂಡು ರಥಕ್ಕೂ ಕುದುರೆಗೂ ಹಾಕುತ್ತಾನೆ, ಕೆಲವರನ್ನು ತನ್ನ ಹೊಲ ಉಳುವುದಕ್ಕೆ, ಕೆಲವರನ್ನು ಆಯುಧ ಮಾಡುವುದಕ್ಕೆ. ಹೆಣ್ಣುಮಕ್ಕಳನ್ನು ಸುಗಂಧ ತಯಾರಿಸಲು, ಅಡುಗೆ ಮಾಡಲು, ರೊಟ್ಟಿ ಸುಡಲು. ನಿಮ್ಮ ಒಳ್ಳೆಯ ಹೊಲ, ದ್ರಾಕ್ಷಿತೋಟ, ಎಣ್ಣೆಮರದ ತೋಪು ಅವನ ಸೇವಕರ ಪಾಲು. ಬೆಳೆಯಲ್ಲಿ ಹತ್ತರಲ್ಲೊಂದು, ಕುರಿಮಂದೆಯಲ್ಲಿ ಹತ್ತರಲ್ಲೊಂದು. ಆಳುಗಳೂ ಕತ್ತೆಗಳೂ ಅವನವು. ಕಡೆಗೆ ನೀವೇ ಅವನ ಗುಲಾಮರು. ಆ ದಿನ ದೇವರಿಗೆ ಮೊರೆಯಿಟ್ಟರೆ ಉತ್ತರ ಬರುವುದಿಲ್ಲ.

ಹೀಬ್ರೂ ಮೂಲದಲ್ಲಿ ತೆಗೆದುಕೊಳ್ಳುವನು ಎಂಬ ಕ್ರಿಯಾಪದ ಮತ್ತೆ ಮತ್ತೆ ಬಡಿಯುತ್ತದೆಯಂತೆ. ಕನ್ನಡದಲ್ಲಿ ಓದಿದರೂ ಕಿವಿಗೆ ಕೇಳುತ್ತದೆ. ಈ ಪಟ್ಟಿಗೆ ಅಲ್ಲಿ ಕೊಟ್ಟಿರುವ ಹೆಸರು ಮಿಷ್ಪಾತ್. ಆ ಶಬ್ದಕ್ಕೆ ರೂಢಿ ಎಂದೂ ಅರ್ಥವಿದೆ, ಹಕ್ಕು ಎಂದೂ ಅರ್ಥವಿದೆ. ರಾಜರು ಹೀಗೆ ಮಾಡುವುದು ರೂಢಿ ಎಂದು ಸಮುವೇಲ ಎಚ್ಚರಿಸುತ್ತಿದ್ದಾನೋ, ಹೀಗೆ ಮಾಡುವ ಹಕ್ಕು ರಾಜನಿಗಿದೆ ಎನ್ನುತ್ತಿದ್ದಾನೋ? ಮುಂದೆ ಅರಸರ ಪರವಾಗಿ ವಾದಿಸಿದವರು ಎರಡನೆಯ ಅರ್ಥವನ್ನೇ ಹಿಡಿದರು. ನನಗೆ ಆ ಅಧ್ಯಾಯದ ದನಿ ಎಚ್ಚರಿಕೆಯದ್ದೇ. ಹಕ್ಕು ಕೊಡುವವರು ಗುಲಾಮರಾಗುತ್ತೀರಿ ಎಂದು ಮುಗಿಸುವುದಿಲ್ಲ.

ಪಟ್ಟಿ ನಿಜವಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. ಸೊಲೊಮೋನನನ್ನು ನಾವು ಜಾಣ ಅರಸನೆಂದು ಓದುತ್ತೇವೆ, ಒಂದು ಮಗುವಿಗೆ ಇಬ್ಬರು ತಾಯಂದಿರ ಕಥೆ ಶಾಲೆಯ ಮಕ್ಕಳಿಗೂ ಗೊತ್ತು. ಅವನ ಲೆಕ್ಕದ ಪುಸ್ತಕವನ್ನು ಓದುವವರು ಕಡಿಮೆ. ನಾನು ಅಕೌಂಟ್ಸ್ ಮನುಷ್ಯ, ಕಣ್ಣು ಅಲ್ಲಿಗೇ ಹೋಯಿತು. ಅರಮನೆಯ ಒಂದು ದಿನದ ಊಟಕ್ಕೆ ಕೊಬ್ಬಿಸಿದ ಎತ್ತು 10, ಹುಲ್ಲುಗಾವಲಿನ ಎತ್ತು 20, ಕುರಿ 100. ಜಿಂಕೆ, ಕೋಳಿ ಬೇರೆ. ದೇಶವನ್ನು 12 ಭಾಗ ಮಾಡಿ, ವರ್ಷದಲ್ಲಿ ಒಂದೊಂದು ತಿಂಗಳು ಒಂದೊಂದು ಭಾಗ ಈ ಖರ್ಚನ್ನು ಹೊರಬೇಕು. ಲೆಬನೋನಿನಲ್ಲಿ ಮರ ಕಡಿಯಲು 30,000 ಜನರ ಬಿಟ್ಟಿ ಚಾಕರಿ: ತಿಂಗಳಿಗೆ 10,000 ಜನ, ಒಂದು ತಿಂಗಳು ಕಾಡಿನಲ್ಲಿ, ಎರಡು ತಿಂಗಳು ಮನೆಯಲ್ಲಿ. ದೇವಾಲಯ ಕಟ್ಟಲು ಏಳು ವರ್ಷ ಹಿಡಿಯಿತು. ಅವನ ಸ್ವಂತ ಅರಮನೆಗೆ ಹದಿಮೂರು. ಈ ಎರಡು ಅಂಕಿಗಳನ್ನು ಬರೆದವನು ಒಂದರ ಬೆನ್ನಿಗೊಂದು ಬರೆದು, ಟೀಕೆಯ ಒಂದು ಮಾತೂ ಸೇರಿಸದೆ ಮುಂದೆ ಹೋಗಿದ್ದಾನೆ. ಒಳ್ಳೆಯ ಆಡಿಟರ್ ಆಗುತ್ತಿದ್ದ.

ಅದೇ ಗ್ರಂಥದಲ್ಲಿ ನಾಲ್ಕು ಅಧ್ಯಾಯ ದಾಟಿದರೆ ಸೊಲೊಮೋನ ಇಸ್ರಾಯೇಲರನ್ನು ದಾಸರನ್ನಾಗಿ ಮಾಡಲಿಲ್ಲ, ಅನ್ಯರನ್ನು ಮಾತ್ರ ದುಡಿಸಿಕೊಂಡ ಎಂಬ ಸಮಜಾಯಿಷಿಯೂ ಇದೆ. ಯಾವುದು ಸರಿ? ಅವನು ಸತ್ತ ಮೇಲೆ ನಡೆದದ್ದನ್ನು ನೋಡಿದರೆ ಜನರ ನೆನಪು ಏನೆಂದು ತಿಳಿಯುತ್ತದೆ. ಮಗ ರೆಹಬ್ಬಾಮನ ಪಟ್ಟಕ್ಕಾಗಿ ಶೆಕೆಮಿನಲ್ಲಿ ಸೇರಿದವರು ಕೇಳಿದ್ದು ಒಂದೇ: ನಿಮ್ಮ ತಂದೆ ಹೊರಿಸಿದ ನೊಗವನ್ನು ಸ್ವಲ್ಪ ಹಗುರ ಮಾಡಿ. ಅವನು ಮೂರು ದಿನ ಗಡುವು ಕೇಳಿದ. ತಂದೆಯ ಕಾಲದ ಹಿರಿಯರು ಒಪ್ಪಿಕೋ ಎಂದರು. ಜೊತೆಯಲ್ಲಿ ಬೆಳೆದ ಗೆಳೆಯರು ಬಿಗಿ ಮಾಡು ಎಂದರು. ಅವನು ಗೆಳೆಯರ ಮಾತು ಕೇಳಿ, ಅಪ್ಪ ಚಾವಟಿಯಿಂದ ಹೊಡೆದಿದ್ದರೆ ನಾನು ಇನ್ನೂ ಘೋರವಾದದ್ದರಿಂದ ಹೊಡೆಯುತ್ತೇನೆ ಎಂದ. ಹತ್ತು ಕುಲಗಳು ಅಲ್ಲಿಂದಲೇ ಎದ್ದುಹೋದವು. ರಾಜ್ಯ ಎರಡಾಯಿತು, ಮತ್ತೆ ಕೂಡಲಿಲ್ಲ. ಇಷ್ಟಾದ ಮೇಲೂ ರೆಹಬ್ಬಾಮ ಅವರ ಬಳಿಗೆ ಕಳಿಸಿದ್ದು ಯಾರನ್ನು ಗೊತ್ತೇ? ಬಿಟ್ಟಿ ಚಾಕರಿಯ ಮೇಲ್ವಿಚಾರಕನನ್ನೇ. ಜನ ಅವನನ್ನು ಕಲ್ಲೆಸೆದು ಕೊಂದರು, ಅರಸ ರಥ ಹತ್ತಿ ಯೆರೂಸಲೇಮಿಗೆ ಓಡಿದ.

ಹಾಗೆಂದು ಹಳೆಯ ಒಡಂಬಡಿಕೆಯೆಲ್ಲ ತೆರಿಗೆಯ ವಿರುದ್ಧ ಎಂದುಕೊಳ್ಳಬೇಡಿ. ಯೋಸೇಫ ಈಜಿಪ್ಟಿನಲ್ಲಿ ಬರಗಾಲಕ್ಕೆ ಮುಂಚೆ ಐದರಲ್ಲೊಂದು ಪಾಲು ಕೂಡಿಟ್ಟು ದೇಶವನ್ನೇ ಬದುಕಿಸಿದ. ಆದರೆ ಅದೇ ಯೋಸೇಫ, ಬರ ಬಂದಾಗ ಅದೇ ಧಾನ್ಯವನ್ನು ಮಾರಿ, ಜನರ ಹಣ, ದನಕರು, ಕೊನೆಗೆ ಹೊಲಗಳನ್ನೂ ಫರೋಹನ ಹೆಸರಿಗೆ ಬರೆಸಿಕೊಂಡ. ಪುರೋಹಿತರ ಭೂಮಿಯನ್ನು ಮಾತ್ರ ಮುಟ್ಟಲಿಲ್ಲ. ದೇವಗುಡಾರದ ಕಾಣಿಕೆ ತಲೆಗೆ ಅರ್ಧ ಶೆಕೆಲ್, ಶ್ರೀಮಂತ ಹೆಚ್ಚು ಕೊಡಬಾರದು, ಬಡವ ಕಡಿಮೆ ಕೊಡಬಾರದು. ಇನ್ನೊಂದೆಡೆ, ಮೂರು ವರ್ಷಕ್ಕೊಮ್ಮೆ ಬೆಳೆಯ ಹತ್ತನೆಯ ಪಾಲನ್ನು ಊರಬಾಗಿಲಲ್ಲಿ ಕೂಡಿಹಾಕಿ ಪರದೇಶಿಗಳಿಗೆ, ಅನಾಥರಿಗೆ, ವಿಧವೆಯರಿಗೆ ಹಂಚಬೇಕು ಎಂಬ ವಿಧಿ. ಎಲ್ಲರಿಗೂ ಒಂದೇ ದರವೋ, ಇದ್ದವರಿಂದ ಇಲ್ಲದವರಿಗೋ ಎಂದು ಫೆಬ್ರವರಿಯ ಬಜೆಟ್ ದಿನ ಟೀವಿಯಲ್ಲಿ ನಡೆಯುವ ಜಗಳದ ಎರಡೂ ಪಕ್ಷಗಳು ಇಲ್ಲೇ ಸಿಗುತ್ತವೆ.

ಇವರೆಲ್ಲರಲ್ಲಿ ನನಗೆ ಹಿಡಿಸಿದವನು ನೆಹೆಮೀಯ. ಪರ್ಷಿಯದ ಅರಸನಿಂದ ಯೆಹೂದಕ್ಕೆ ಅಧಿಪತಿಯಾಗಿ ಬಂದವನು, ಕ್ರಿಸ್ತಪೂರ್ವ 445ರ ಸುಮಾರಿಗೆ. ಜನ ಬಂದು ಗೋಳು ತೋಡಿಕೊಂಡರು: ಅರಸನ ಕಂದಾಯ ಕಟ್ಟಲು ಹೊಲ ಒತ್ತೆಯಿಟ್ಟೆವು, ಮಕ್ಕಳು ಜೀತಕ್ಕೆ ಹೋದರು, ಸಾಲ ಕೊಟ್ಟವರು ನಮ್ಮವರೇ. ನೆಹೆಮೀಯ ಅರಸನ ಕಂದಾಯವನ್ನು ನಿಲ್ಲಿಸಲಿಲ್ಲ. ನಿಲ್ಲಿಸುವ ಅಧಿಕಾರ ಅವನಿಗಿರಲಿಲ್ಲ. ಆದರೆ ಸಾಹುಕಾರರನ್ನು ಸಭೆಗೆ ಕರೆದು, ಹೊಲ, ತೋಟ, ಮನೆ, ಬಡ್ಡಿ ಎಲ್ಲವನ್ನೂ ಅಂದೇ ವಾಪಸು ಕೊಡಿಸಿದ. ಹಿಂದಿನ ಅಧಿಪತಿಗಳು ಜನರಿಂದ ಅನ್ನ, ದ್ರಾಕ್ಷಾರಸದ ಜೊತೆಗೆ 40 ಶೆಕೆಲ್ ಬೆಳ್ಳಿ ವಸೂಲಿ ಮಾಡುತ್ತಿದ್ದರು. ಇವನು ಹನ್ನೆರಡು ವರ್ಷ ತನ್ನ ಹುದ್ದೆಗೆ ಸಲ್ಲುವ ಊಟದ ಭತ್ಯೆಯನ್ನೇ ತೆಗೆದುಕೊಳ್ಳಲಿಲ್ಲ, ತನ್ನ ಮೇಜಿನಲ್ಲಿ ದಿನಕ್ಕೆ 150 ಜನ ಉಣ್ಣುತ್ತಿದ್ದರೂ. ಇದನ್ನು ಅವನೇ ಬರೆದುಕೊಂಡಿದ್ದಾನೆ, ದೇವರೇ ಇದನ್ನು ನನ್ನ ಲೆಕ್ಕಕ್ಕೆ ಜಮೆ ಮಾಡಿಕೋ ಎಂಬ ಅರ್ಥದ ಪ್ರಾರ್ಥನೆಯ ಸಮೇತ. ಸ್ವಲ್ಪ ಜಂಭವಿದೆ, ಇರಲಿ. ಭತ್ಯೆ ಬಿಟ್ಟವರಿಗೆ ಅಷ್ಟು ಜಂಭ ಸಲ್ಲುತ್ತದೆ.

ಈಗ ಆ ನಾಣ್ಯದ ವಿಷಯ. ಅದು ತಾತ್ವಿಕ ಪ್ರಶ್ನೆಯಾಗಿ ಬಂದದ್ದಲ್ಲ, ಬಲೆಯಾಗಿ ಬಂದದ್ದು. ಕ್ರಿ.ಶ. 6ರಲ್ಲಿ ಯೂದಾಯ ರೋಮಿನ ನೇರ ಆಳ್ವಿಕೆಗೆ ಹೋದಾಗ ಕ್ವಿರೀನಿಯ ತೆರಿಗೆಗಾಗಿ ಆಸ್ತಿಪಾಸ್ತಿಯ ಗಣತಿ ಮಾಡಿಸಿದ. ಗಲಿಲಾಯದ ಯೂದ ಎಂಬವನು, ದೇವರೊಬ್ಬನೇ ನಮಗೆ ಒಡೆಯ, ರೋಮಿಗೆ ತೆರಿಗೆ ಕಟ್ಟುವುದು ಗುಲಾಮಗಿರಿ ಎಂದು ದಂಗೆ ಎಬ್ಬಿಸಿದ್ದ. ಯೇಸುವೂ ಗಲಿಲಾಯದವನೇ. ಫರಿಸಾಯರು ಮತ್ತು ಹೆರೋದನ ಪಕ್ಷದವರು ಒಟ್ಟಿಗೆ ಬಂದು, ಕೈಸರನಿಗೆ ತೆರಿಗೆ ಕೊಡುವುದು ಧರ್ಮಸಮ್ಮತವೋ ಎಂದು ಕೇಳಿದರೆ ಅದರ ಮರ್ಮ ಇದು: ಕೊಡಿ ಎಂದರೆ ಜನ ಕೈಬಿಡುತ್ತಾರೆ, ಬೇಡ ಎಂದರೆ ಪಿಲಾತ ಹಿಡಿಯುತ್ತಾನೆ.

ಯೇಸು ನಾಣ್ಯ ತೋರಿಸಿ ಎಂದ. ಅವನ ಹತ್ತಿರ ಇರಲಿಲ್ಲ, ಕೇಳಿದವರು ತಂದರು. ಒಂದು ದಿನದ ಕೂಲಿಗೆ ಸಮನಾದ ಬೆಳ್ಳಿಯ ದಿನಾರಿ. ವಿದ್ವಾಂಸರು ಸಾಮಾನ್ಯವಾಗಿ ಗುರುತಿಸುವ ತಿಬೇರಿಯನ ನಾಣ್ಯವೇ ಅದಾಗಿದ್ದರೆ, ಅದರ ಮೇಲೆ ಅವನ ತಲೆ, ಸುತ್ತ ದೈವೀಕೃತ ಅಗಸ್ಟಸನ ಮಗ ಎಂಬ ಬರಹ. ದೇವರೊಬ್ಬನೇ ಎನ್ನುವವರು ದೇವಾಲಯದ ಅಂಗಳದಲ್ಲಿ ಇಂಥ ನಾಣ್ಯವನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಅರ್ಧ ಉತ್ತರ ಅಲ್ಲಿಗೇ ಆಯಿತು. ಇನ್ನರ್ಧ ಒಂದು ಕ್ರಿಯಾಪದದಲ್ಲಿದೆ. ಅವರು ಕೇಳಿದ್ದು ಕೊಡಬೇಕೋ ಎಂದು. ಯೇಸುವಿನ ಉತ್ತರದಲ್ಲಿರುವ ಗ್ರೀಕ್ ಪದ ಬೇರೆ. ಅದಕ್ಕೆ ಹಿಂದಕ್ಕೆ ಕೊಡು, ಸಲ್ಲಬೇಕಾದ್ದನ್ನು ಸಲ್ಲಿಸು ಎಂಬರ್ಥ. ಅವನ ಮುಖವಿರುವುದನ್ನು ಅವನಿಗೇ ಹಿಂದಿರುಗಿಸಿ, ದೇವರದ್ದನ್ನು ದೇವರಿಗೆ. ಹಾಗಾದರೆ ದೇವರ ಮುಖದ ಅಚ್ಚಿರುವುದು ಯಾವುದರ ಮೇಲೆ? ಆದಿಕಾಂಡವನ್ನು ಬಾಯಿಪಾಠ ಬಲ್ಲವರಿಗೆ ಉತ್ತರ ಗೊತ್ತಿತ್ತು: ಮನುಷ್ಯನ ಮೇಲೆ. ಕೈಸರನಿಗೆ ಉಳಿದದ್ದು ಎಷ್ಟು ಎಂಬ ಲೆಕ್ಕವನ್ನು ಕೇಳುಗರಿಗೇ ಬಿಟ್ಟ. ಹೀಗಾಗಿ ಪುಣೆಯ ಓದುಗರು ತೀರ್ಪು ಎಂದುಕೊಂಡದ್ದು ನನಗೆ ತೀರ್ಪಿನಂತೆ ಕಾಣುವುದಿಲ್ಲ. ಪಿಲಾತನ ಮುಂದೆ ನಿಲ್ಲಿಸಿದಾಗ ಹೊರಿಸಿದ ಆರೋಪಗಳಲ್ಲಿ ಒಂದು, ಇವನು ಕೈಸರನಿಗೆ ತೆರಿಗೆ ಕೊಡಬೇಡಿ ಎನ್ನುತ್ತಾನೆ ಎಂದು ಲೂಕ ಬರೆಯುತ್ತಾನೆ. ಸುಳ್ಳು ಆರೋಪವೇ ಸರಿ, ಆದರೆ ಆ ಉತ್ತರ ತೆರಿಗೆಯ ಪ್ರಚಾರವಾಗಿದ್ದರೆ ಆ ಸುಳ್ಳು ಹುಟ್ಟಲು ಜಾಗವೇ ಇರುತ್ತಿರಲಿಲ್ಲ.

ಮತ್ತಾಯ ಇನ್ನೊಂದು ಪ್ರಸಂಗ ಹೇಳುತ್ತಾನೆ. ಕಪೆರ್ನೌಮಿನಲ್ಲಿ ದೇವಾಲಯದ ತೆರಿಗೆ ವಸೂಲಿಗೆ ಬಂದವರು ಪೇತ್ರನನ್ನು ತಡೆದರು. ಯೇಸು ಪೇತ್ರನಿಗೆ ಕೇಳಿದ: ಭೂಮಿಯ ಅರಸರು ತೆರಿಗೆ ತೆಗೆದುಕೊಳ್ಳುವುದು ಸ್ವಂತ ಮಕ್ಕಳಿಂದಲೋ, ಹೊರಗಿನವರಿಂದಲೋ? ಹೊರಗಿನವರಿಂದ ಎಂದ ಪೇತ್ರ. ಹಾಗಾದರೆ ಮಕ್ಕಳು ಕಟ್ಟಬೇಕಾಗಿಲ್ಲ. ಆದರೂ ಅವರಿಗೆ ಬೇಸರವಾಗಬಾರದು, ಗಾಳ ಹಾಕು, ಮೊದಲು ಸಿಕ್ಕ ಮೀನಿನ ಬಾಯಲ್ಲಿ ನಾಣ್ಯವಿರುತ್ತದೆ, ಇಬ್ಬರದೂ ಕಟ್ಟು. ಪೇತ್ರ ಹೋಗಿ ಮೀನು ಹಿಡಿದನೇ ಎಂಬುದನ್ನು ಕಥೆ ಹೇಳುವುದೇ ಇಲ್ಲ. ಹೊರಗಿನವರಿಂದ ಎಂಬ ಮಾತು ಓದಿದಾಗ ನನಗೆ ನಗು ಬಂದಿತ್ತು. ಪರವೂರಿಗೆ ಬಂದವರಿಗೆ ಮಾತ್ರ ಎಂದು ನಾನು ಬಹುಕಾಲ ಅಂದುಕೊಂಡಿದ್ದ ಪ್ರೊಫೆಷನ್ ಟ್ಯಾಕ್ಸ್, ತಿಂಗಳಿಗೆ 200, ಫೆಬ್ರವರಿಗೆ 300, ಈ ಊರಿನವರಿಗೂ ಅಷ್ಟೇ ಕಡಿತವಾಗುತ್ತದೆ ಎಂದು ತಿಳಿದು ಸಮಾಧಾನವಾಗಿತ್ತು. ಇಲ್ಲಿಯ ಕಥೆಗೆ ಮಾತ್ರ ಕಹಿ ಬಾಲವಿದೆ. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಸುಟ್ಟರು. ದೇವಾಲಯ ಹೋದರೂ ತೆರಿಗೆ ಹೋಗಲಿಲ್ಲ. ವೆಸ್ಪಾಸಿಯನ್ ಚಕ್ರವರ್ತಿ ಅದನ್ನು ರೋಮಿನ ಜ್ಯೂಪಿಟರ್ ಗುಡಿಯ ಲೆಕ್ಕಕ್ಕೆ ತಿರುಗಿಸಿ, ಸಾಮ್ರಾಜ್ಯದ ಎಲ್ಲ ಯೆಹೂದ್ಯರೂ ಕಟ್ಟಬೇಕು ಎಂದ.

ಅಧಿಕಾರಸ್ಥರಿಗೆ ಅತ್ಯಂತ ಪ್ರಿಯವಾದದ್ದು ಪೌಲನ ಪತ್ರ, ರೋಮಿನವರಿಗೆ ಬರೆದದ್ದರ 13ನೆಯ ಅಧ್ಯಾಯ. ಅಧಿಕಾರವೆಲ್ಲ ದೇವರಿಂದ ನೇಮಕವಾದದ್ದು, ಎದುರಿಸುವವನು ದೇವರ ಏರ್ಪಾಡನ್ನೇ ಎದುರಿಸುತ್ತಾನೆ, ಆದ್ದರಿಂದ ಕಂದಾಯವಿದ್ದವರಿಗೆ ಕಂದಾಯ, ಸುಂಕವಿದ್ದವರಿಗೆ ಸುಂಕ ಸಲ್ಲಿಸಿ ಎಂಬುದು ಅದರ ಸಾರ. ಪೌಲ ಇದನ್ನು ಬರೆದದ್ದು ಸುಮಾರು ಕ್ರಿ.ಶ. 57ರಲ್ಲಿ. ಕೆಲವೇ ವರ್ಷಗಳ ಹಿಂದೆ ಕ್ಲಾಡಿಯಸ್ ಚಕ್ರವರ್ತಿ ಯೆಹೂದ್ಯರನ್ನು ರೋಮಿನಿಂದ ಹೊರಹಾಕಿದ್ದ, ಅವರು ಈಗಷ್ಟೇ ಮರಳಿದ್ದರು. ತೆರಿಗೆ ವಸೂಲಿಗಾರರ ಕಾಟದ ಬಗ್ಗೆ ರೋಮಿನಲ್ಲಿ ಎಷ್ಟು ಗದ್ದಲವೆದ್ದಿತ್ತೆಂದರೆ, 58ರಲ್ಲಿ ನೀರೋ ಪರೋಕ್ಷ ತೆರಿಗೆಗಳನ್ನೆಲ್ಲ ರದ್ದು ಮಾಡಲು ಯೋಚಿಸಿದ್ದ, ಹಿರಿಯರು ತಡೆದರು ಎಂದು ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಪರವೂರಿನಲ್ಲಿ ಕಾಲೂರಲು ಹೆಣಗುವ ಸಣ್ಣ ಗುಂಪಿಗೆ, ಈ ಗದ್ದಲದಲ್ಲಿ ನೀವು ಸಿಕ್ಕಿಬೀಳಬೇಡಿ ಎಂದು ಹಿರಿಯನೊಬ್ಬ ಬರೆದ ಕಾಗದವಾಗಿ ಓದಿದರೆ ನನಗೆ ಅದು ಅರ್ಥವಾಗುತ್ತದೆ. ನಮ್ಮ ಅಪ್ಪಂದಿರೂ ಊರಿನಿಂದ ಇಂಥ ಕಾಗದ ಬರೆದವರೇ.

ನನಗೆ ಬೈಬಲ್ ಕೊಟ್ಟ ಸಹೋದ್ಯೋಗಿ ಮಂಗಳೂರಿನ ಬಲ್ಮಠದ ಕಡೆಯವರು, ಭಾನುವಾರ ಮಕ್ಕಳಿಗೆ ಪಾಠ ಹೇಳುತ್ತಿದ್ದರಿಂದ ಆಫೀಸಿನಲ್ಲಿ ಎಲ್ಲರಿಗೂ ಮಾಸ್ತರು. ನಾನಾಗ ಟೈಪಿಸ್ಟ್. ಒಂದು ವರ್ಷ ಮಾಲೀಕರು ಮಾರಾಟದ ಅಂಕಿಯನ್ನು ಇಳಿಸಿ ಸೇಲ್ಸ್ ಟ್ಯಾಕ್ಸ್ ರಿಟರ್ನಿಗೆ ಸಹಿ ಹಾಕಲು ಹೇಳಿದರು. ಮಾಸ್ತರು ಹಾಕಲಿಲ್ಲ. ಮಾಲೀಕರು ಕಾನ್ವೆಂಟಿನಲ್ಲಿ ಓದಿದವರು. ಮೇಲಿನವರಿಗೆ ಅಧೀನರಾಗಿರಿ ಎಂದು ನಿಮ್ಮ ಪುಸ್ತಕವೇ ಹೇಳುತ್ತದಲ್ಲ ಎಂದರು. ಮಾಸ್ತರು ದನಿ ಏರಿಸದೆ, ಹೌದು ಸಾರ್, ಅದೇ ಅಧ್ಯಾಯದಲ್ಲಿ ಆರು ವಾಕ್ಯ ಕೆಳಗೆ ತೆರಿಗೆಯನ್ನು ಪೂರ್ತಿ ಸಲ್ಲಿಸಬೇಕೆಂದೂ ಇದೆ, ಅಲ್ಲಿಯವರೆಗೆ ಓದಿ ಆಮೇಲೆ ಮಾತಾಡೋಣ ಎಂದರು. ರಿಟರ್ನ್ ಬೇರೊಬ್ಬರ ಸಹಿಯಲ್ಲಿ ಹೋಯಿತು. ಮಾಸ್ತರು ಎರಡು ತಿಂಗಳಲ್ಲಿ ಕೆಲಸ ಬಿಟ್ಟರು, ಆಗ ಅವರ ದೊಡ್ಡ ಮಗಳು ಹತ್ತನೆಯ ತರಗತಿಯಲ್ಲಿದ್ದಳು.

ಅಧ್ಯಾಯದ ಅರ್ಧ ಓದಿ ನಿಲ್ಲಿಸುವ ಅಭ್ಯಾಸ ಮಾಲೀಕರದ್ದು ಮಾತ್ರವಲ್ಲ. ಜರ್ಮನಿಯಲ್ಲಿ ಹಿಟ್ಲರ್ ಬಂದಾಗ ಬಹಳ ಚರ್ಚುಗಳು ಪೌಲನ ಇದೇ ಮಾತಿನ ನೆರಳಲ್ಲಿ ಸುಮ್ಮನಿದ್ದವು. 1934ರಲ್ಲಿ ಬಾರ್ಮೆನ್ ಪಟ್ಟಣದಲ್ಲಿ ಸೇರಿದ ಕೆಲವರು, ಕಾರ್ಲ್ ಬಾರ್ತ್ ಮುಖ್ಯವಾಗಿ ರಚಿಸಿದ ಘೋಷಣೆಯಲ್ಲಿ, ಸರ್ಕಾರವೇ ಮನುಷ್ಯನ ಬದುಕಿನ ಸರ್ವಸ್ವವಾಗುವಂತಿಲ್ಲ ಎಂದರು. ದಕ್ಷಿಣ ಆಫ್ರಿಕದ ವರ್ಣಭೇದ ಸರ್ಕಾರವೂ ಇದೇ ಅಧ್ಯಾಯವನ್ನು ಮುಂದೊಡ್ಡುತ್ತಿತ್ತು. 1985ರ ಕೈರೋಸ್ ದಾಖಲೆ ಅದಕ್ಕೆ ಸರ್ಕಾರಿ ದೇವತಾಶಾಸ್ತ್ರ ಎಂದು ಹೆಸರಿಟ್ಟು, ಪೌಲನ ಮಾತನ್ನು ಅವನ ಸಂದರ್ಭದಿಂದ ಕಿತ್ತು ಬಳಸುವುದನ್ನು ಬಯಲು ಮಾಡಿತು. ಆ ದಾಖಲೆ ಪೌಲನ ಎದುರಿಗೆ ನಿಲ್ಲಿಸಿದ್ದು ಬೈಬಲಿನ ಕೊನೆಯ ಗ್ರಂಥವನ್ನು. ಪ್ರಕಟನೆಯ 13ನೆಯ ಅಧ್ಯಾಯದಲ್ಲಿ ಅದೇ ರೋಮ್ ಸಮುದ್ರದಿಂದ ಏಳುವ ಮೃಗವಾಗಿದೆ. ಅದರ ಗುರುತು ಹಾಕಿಸಿಕೊಳ್ಳದವನು ಕೊಳ್ಳುವಂತಿಲ್ಲ, ಮಾರುವಂತಿಲ್ಲ. ದೇವರ ಸೇವಕ ಮತ್ತು ಮೃಗ, ಎರಡೂ ಒಂದೇ ಸಾಮ್ರಾಜ್ಯದ ಹೆಸರುಗಳು. ನಡುವೆ ಕಳೆದದ್ದು ಸುಮಾರು ನಲವತ್ತು ವರ್ಷ, ಮತ್ತು 64ರ ಬೆಂಕಿಯ ನಂತರ ನೀರೋ ರೋಮಿನ ಕ್ರೈಸ್ತರಿಗೆ ಕೊಟ್ಟ ಸಾವುಗಳು. ಪೌಲನೂ ನೀರೋವಿನ ಕಾಲದಲ್ಲೇ ಕೊಲೆಯಾದನೆಂದು ಪರಂಪರೆ ಹೇಳುತ್ತದೆ.

ನಾಣ್ಯದ ಕಥೆ ನಮ್ಮ ದೇಶಕ್ಕೂ ಬಂದಿತ್ತು. 1930ರ ಮಾರ್ಚಿನಲ್ಲಿ ಗಾಂಧೀಜಿ ದಂಡಿಯ ದಾರಿಯಲ್ಲಿ ನಡೆಯುತ್ತಿದ್ದಾಗ, ಕೈಸರನಿಗೆ ಸಲ್ಲಬೇಕಾದ್ದನ್ನು ನಿರಾಕರಿಸುವುದು ಯೇಸುವಿನ ಮಾತಿಗೆ ವಿರುದ್ಧವಲ್ಲವೇ ಎಂಬ ಆಕ್ಷೇಪ ಬಂತು. ಅವರು ಯಂಗ್ ಇಂಡಿಯಾದಲ್ಲಿ ಉತ್ತರ ಬರೆದರು. ಯೇಸು ನಾಣ್ಯ ತರಿಸಿದ್ದೇ, ಕೈಸರನ ನಾಣ್ಯದಲ್ಲಿ ವ್ಯಾಪಾರ ಮಾಡುತ್ತ, ಅವನ ಆಳ್ವಿಕೆಯ ಲಾಭ ಉಣ್ಣುವವರು ತೆರಿಗೆಯನ್ನು ಹೇಗೆ ನಿರಾಕರಿಸುತ್ತೀರಿ ಎಂದು ಕೇಳಲು. ಅವನ ಒಟ್ಟು ಬೋಧನೆ ಅಸಹಕಾರದ ಕಡೆಗೇ ಇದೆ, ಅದರಲ್ಲಿ ತೆರಿಗೆ ಕೊಡದಿರುವುದೂ ಸೇರುತ್ತದೆ ಎಂಬುದು ಅವರ ವಾದ. ಅಂದರೆ ಮೊದಲು ಲಾಭ ಬಿಡಬೇಕು, ಆಮೇಲೆ ತೆರಿಗೆ. ಬೈಬಲ್ ಪಂಡಿತರು ಇದನ್ನು ಒಪ್ಪುತ್ತಾರೋ ಇಲ್ಲವೋ, ನಾಣ್ಯ ಯಾರ ಜೇಬಿನಿಂದ ಬಂತು ಎಂಬುದನ್ನು ಇಷ್ಟು ಗಮನವಿಟ್ಟು ಓದಿದವರು ಕಡಿಮೆ.

ಮುಂದಿನ ತಿಂಗಳು ಅಂಕೋಲೆಯ ಕಡಲ ತೀರದಲ್ಲಿ ಉಪ್ಪು ತಯಾರಾಯಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡದಲ್ಲಿ, ಅಂಕೋಲೆ, ಸಿದ್ದಾಪುರದ ರೈತರು ಕರನಿರಾಕರಣೆಗೆ ಇಳಿದರು. ಅವರ ಗದ್ದೆಗಳು ಮುಟ್ಟುಗೋಲಾದವು, ಮನೆಯ ಪಾತ್ರೆಪಗಡಗಳು ಜಪ್ತಿಯಾದವು. ಲಾಭ ಬಿಡುವುದು ಎಂದರೆ ಏನೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.